ಮರುಕವೂ ಬೇಕು, ನಿಲುವೂ ಬೇಕು

ಭಂಕೂರು-ಶಹಾಬಾದ ಸೀಮೆಯ ಕಲ್ಲುಗಣಿಗಳಲ್ಲಿ ಮಳೆಗಾಲಕ್ಕೆ ನೀರು ತುಂಬುವುದನ್ನು ಈ ಭಾಗದವರೆಲ್ಲ ಬಲ್ಲರು. ಅದರಲ್ಲಿ ಬಿದ್ದವನಿಗೆ ದಂಡೆಯ ಮೇಲೆ ನಿಂತು ಬುದ್ಧಿ ಹೇಳಿದರೆ ಫಲವಿಲ್ಲ. ತಾನೂ ಧುಮುಕಿ ಮುಳುಗಿದರೂ ಫಲವಿಲ್ಲ. ಮನೋಚಿಕಿತ್ಸೆಯ ಮರ್ಮವೂ ಇದೇ ಎಂಬುದನ್ನು ನಾವು ತಡವಾಗಿ ಅರಿತೆವು.

ಕೆಲವು ವರುಷಗಳ ಹಿಂದೆ ಆ ಕಡೆಯ ಭಕ್ತ ದಂಪತಿಗಳು ತಮ್ಮ ಮಗಳನ್ನು ನಮ್ಮಲ್ಲಿಗೆ ಕರೆತಂದರು. ಇಂದು ತಾಯಿಯನ್ನು ದೇವರೆನ್ನುವಳು, ನಾಳೆ ವೈರಿಯೆನ್ನುವಳು. ಎಲ್ಲರೂ ತನ್ನನ್ನು ತೊರೆಯುವರೆಂಬ ಭಯ. ಸಂಕಟ ಮಿತಿಮೀರಿದಾಗ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವಳು. ಗಾಳಿ ಸೋಕಿದೆಯೆಂದು ನೆರೆಯವರು ನುಡಿದರು. ನಾವಾದರೋ ಆ ಮಗುವಿನ ಕಣ್ಣೀರಿಗೆ ಕರಗಿ, ತಪ್ಪೆಲ್ಲ ಹೆತ್ತವರದೇ ಎಂದು ಅವರನ್ನು ಗದರಿದೆವು. ಆಕೆ ನಮ್ಮನ್ನು ಕೊಂಡಾಡಿದಳು. ತಿಂಗಳೊಳಗೆ ನಮ್ಮನ್ನೂ ದೂಷಿಸಿದಳು. ಮನೆಯ ಬಿರುಕು ಹಿರಿದಾಯಿತು. ನಮ್ಮ ಮರುಕವೇ ನಮ್ಮ ಕಣ್ಣನ್ನು ಕಟ್ಟಿತ್ತು.

ಇದು ಗಾಳಿಯಲ್ಲ, ಹಟವೂ ಅಲ್ಲ; ಬಾರ್ಡರ್‌ಲೈನ್ ವ್ಯಕ್ತಿತ್ವ ವ್ಯಾಧಿ ಎಂದು ಮನೋವೈದ್ಯರು ತಿಳಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಇದರ ಚಿಕಿತ್ಸೆಗೆ ಹೊಸ ದಾರಿ ತೆರೆದವರು ಮಾರ್ಷಾ ಲಿನೆಹನ್. ಅವರ ಮುಖ್ಯ ಗ್ರಂಥ ಹೊರಬಂದುದು 1993ರಲ್ಲಿ. ತಾವೇ ಎಳೆಹರೆಯದಲ್ಲಿ ಎರಡು ವರುಷಕ್ಕೂ ಮಿಕ್ಕು ಆಸ್ಪತ್ರೆಯಲ್ಲಿ ನರಳಿದುದನ್ನು 2011ರಲ್ಲಿ ಆ ತಾಯಿ ಲೋಕಕ್ಕೆ ತಿಳಿಸಿದರು. ರೋಗಿಯ ನೋವನ್ನು ಪೂರ್ಣವಾಗಿ ಒಪ್ಪಿಕೊಳ್ಳುವುದು, ಜೊತೆಗೇ ನಡೆ ಬದಲಾಗಬೇಕೆಂದು ದೃಢವಾಗಿ ಹೇಳುವುದು: ಇವೆರಡರ ಸಮತೋಲವೇ ಅವರ ಪದ್ಧತಿಯ ತಿರುಳು. ಅದರಲ್ಲಿ ಚಿಕಿತ್ಸಕರೂ ನಿಯಮಿತವಾಗಿ ಸಹೋದ್ಯೋಗಿಗಳ ಮುಂದೆ ತಮ್ಮ ಕೆಲಸವನ್ನು ಒರೆಗೆ ಹಚ್ಚಬೇಕು. ಒಳಗಿಳಿದವನಿಗೂ ಹೊರಗಿನ ಕಣ್ಣು ಬೇಕೆಂಬುದೇ ಇದರ ಅರ್ಥ.

ಮನೆಯಲ್ಲಿ ಇದನ್ನು ಪಾಲಿಸುವುದು ಹೇಗೆ? “ಅವ್ವ ನನ್ನನ್ನು ದ್ವೇಷಿಸುತ್ತಾಳೆ” ಎಂದು ಮಗಳು ಅತ್ತಾಗ, “ಸುಳ್ಳು” ಎಂದು ಜರೆಯಬಾರದು. “ಹೌದು” ಎಂದು ತಲೆದೂಗಲೂಬಾರದು. “ನಿನ್ನ ನೋವು ನಿಜ, ತಂಗಿ. ಅವ್ವನ ಮನಸ್ಸಿನಲ್ಲಿ ಬೇರೇನಾದರೂ ಇದ್ದಿರಬಹುದೇ, ಕೂಡಿ ನೋಡೋಣ” ಎನ್ನಬೇಕು. ಮೊದಲ ಮಾತು ಆಕೆಯ ಕೈ ಹಿಡಿಯುತ್ತದೆ. ಎರಡನೆಯದು ದಂಡೆಯನ್ನು ತೋರುತ್ತದೆ.

ಆ ಮಗಳು ಇಂದಿಗೂ ಚಿಕಿತ್ಸೆಯಲ್ಲಿದ್ದಾಳೆ. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಸಿಟ್ಟು ಇಳಿದ ಮೇಲೆ ಅವ್ವನ ಬಳಿ ಕುಳಿತು ಮಾತನಾಡುತ್ತಾಳೆ.

ಇಂಥ ಸಂಕಟವುಳ್ಳ ಬಂಧುಗಳು ಮುಚ್ಚಿಡದಿರಲಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಮಠಕ್ಕೂ ಬನ್ನಿ, ಆದರೆ ವೈದ್ಯರ ದಾರಿಯನ್ನು ಬಿಡಬೇಡಿರಿ.