ಇಲ್ಲದವರ ಹಾಜರಿ

1999ರ ನವೆಂಬರ್ 18. ನಡುರಾತ್ರಿ ಕಳೆದು 2 ಗಂಟೆ 42 ನಿಮಿಷ. ಅಮೆರಿಕದ ಟೆಕ್ಸಸ್ ರಾಜ್ಯದ ಕಾಲೇಜ್ ಸ್ಟೇಷನ್ ಎಂಬ ಊರಿನಲ್ಲಿರುವ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಬಯಲಿನಲ್ಲಿ, ವಿದ್ಯಾರ್ಥಿಗಳೇ ಕಟ್ಟುತ್ತಿದ್ದ ಮರದ ದಿಮ್ಮಿಗಳ ಬೃಹತ್ ಬಣವೆಯೊಂದು ಕುಸಿದುಬಿತ್ತು. ಅದರ ಎತ್ತರ ಸುಮಾರು 59 ಅಡಿ. ಒಟ್ಟಿದ್ದ ದಿಮ್ಮಿಗಳು ಐದು ಸಾವಿರದಷ್ಟು. ಆ ಹೊತ್ತಿನಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಅದರ ಮೇಲೆ ಕೆಲಸ ಮಾಡುತ್ತಿದ್ದರು. ಹನ್ನೊಂದು ವಿದ್ಯಾರ್ಥಿಗಳು ಮತ್ತು ಒಬ್ಬ ಹಳೆಯ ವಿದ್ಯಾರ್ಥಿ, ಹೀಗೆ 12 ಮಂದಿ ಸತ್ತರು. 27 ಮಂದಿ ಗಾಯಗೊಂಡರು.

ವಿದ್ಯಾಲಯವೊಂದರ ಅಂಗಳದಲ್ಲಿ ಎಳೆಯ ಜೀವಗಳು ಹೋದಾಗ ಉಳಿದವರು ಏನು ಮಾಡುತ್ತಾರೆ? ಹೆತ್ತವರಿಗೆ ತಮ್ಮ ತಮ್ಮ ಮನೆಯ, ಮತಧರ್ಮದ ವಿಧಿಗಳಿರುತ್ತವೆ. ಆದರೆ ಒಂದೇ ಹಾಸ್ಟೆಲಿನಲ್ಲಿದ್ದವರು, ಒಂದೇ ಬೆಂಚಿನಲ್ಲಿ ಕುಳಿತವರು, ಪಾಠ ಹೇಳಿದವರು ಯಾವ ವಿಧಿಯನ್ನು ಆಶ್ರಯಿಸಬೇಕು? ಈ ಪ್ರಶ್ನೆಗೆ ಬಹುಪಾಲು ವಿಶ್ವವಿದ್ಯಾಲಯಗಳ ಬಳಿ ಉತ್ತರವಿರುವುದಿಲ್ಲ. ಎ ಅಂಡ್ ಎಂನ ಬಳಿ ಇತ್ತು. ಅಲ್ಲಿನ ಸಂಪ್ರದಾಯನಿಷ್ಠೆ ಶೋಕವನ್ನು ಹಂಚಿಕೊಳ್ಳುವ ದಾರಿಯನ್ನು ನೂರು ವರ್ಷ ಮೊದಲೇ ಹಾಕಿಟ್ಟಿತ್ತು. ಆ ಹನ್ನೆರಡು ಮಂದಿಯ ಸಾವಿಗೆ ಕಾರಣವಾದ ಸಂಗತಿಗಳಲ್ಲೂ ಅದೇ ಸಂಪ್ರದಾಯನಿಷ್ಠೆಯ ಪಾಲಿತ್ತು ಎಂಬುದು ಈ ಕಥೆಯ ಕಹಿಯಾದ ಭಾಗ.

ಬೆಂಕಿಯ ಹಬ್ಬ

ಈ ವಿಶ್ವವಿದ್ಯಾಲಯ 1876ರಲ್ಲಿ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜಾಗಿ ಆರಂಭವಾಯಿತು. ಕೃಷಿಗೆ ಇರುವ ಇಂಗ್ಲಿಷ್ ಪದವನ್ನೇ ಮೊಟಕು ಮಾಡಿ ಇಲ್ಲಿನ ವಿದ್ಯಾರ್ಥಿಗಳನ್ನು ಇಂದಿಗೂ ‘ಆ್ಯಗಿ’ಗಳೆಂದು ಕರೆಯುತ್ತಾರೆ. 1960ರ ದಶಕದವರೆಗೂ ಇದು ಮುಖ್ಯವಾಗಿ ಗಂಡುಮಕ್ಕಳ ಸೈನಿಕ ಶಿಸ್ತಿನ ಕಾಲೇಜಾಗಿತ್ತು. ಕೆಡೆಟ್ ದಳಕ್ಕೆ ಸೇರುವುದು ಕಡ್ಡಾಯವಾಗಿತ್ತು. ಆ ಕಟ್ಟಳೆ ಹೋದರೂ ಅದು ಬೆಳೆಸಿದ ರೂಢಿಗಳು ಹೋಗಲಿಲ್ಲ. 1999ರ ಹೊತ್ತಿಗೆ ನಲವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಈ ದೊಡ್ಡ ಸಂಸ್ಥೆಯಲ್ಲಿ, ಹೊಸದಾಗಿ ಬಂದವನೂ ಕೆಲವೇ ವಾರಗಳಲ್ಲಿ ಆ ರೂಢಿಗಳನ್ನು ತನ್ನವೆಂದುಕೊಳ್ಳುತ್ತಿದ್ದ.

ಅವುಗಳಲ್ಲಿ ಬಹು ದೊಡ್ಡದು ‘ಬಾನ್‌ಫೈರ್’. ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದೊಡನೆ ಪ್ರತಿವರ್ಷ ನಡೆಯುವ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಬೆಂಕಿ ಹಚ್ಚಿ ಗೆಲುವಿನ ಹಂಬಲವನ್ನು ಸಾರುವುದು ಇದರ ಉದ್ದೇಶ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದು ಸಿಕ್ಕಿದ ಸೌದೆ, ಕಸಕಡ್ಡಿಗಳನ್ನು ಗುಡ್ಡೆ ಹಾಕಿ ಸುಡುವ ಆಟವಾಗಿತ್ತು. ನಮ್ಮ ಕಾಮನ ಹಬ್ಬದಲ್ಲಿ ಹುಡುಗರು ಊರವರ ಹಿತ್ತಿಲಿನ ಸೌದೆ, ಬೆರಣಿಗಳನ್ನು ಕದ್ದು ತರುವಂತೆ ಅಲ್ಲಿಯೂ ಆಗುತ್ತಿತ್ತು. 1935ರಲ್ಲಿ ರೈತನೊಬ್ಬ ತನ್ನ ಕೊಟ್ಟಿಗೆಯನ್ನೇ ಹುಡುಗರು ಹೊತ್ತೊಯ್ದರೆಂದು ದೂರು ಕೊಟ್ಟ. ಅದಾದ ಮೇಲೆ ಸಂಸ್ಥೆ ತಾನೇ ಮುಂದಾಗಿ ಕೊಡಲಿ, ಗರಗಸ, ಲಾರಿಗಳನ್ನು ಒದಗಿಸಿ, ಕಡಿಯಲು ಒಣಮರಗಳಿರುವ ತೋಪನ್ನು ತೋರಿಸಿತು.

ಅಲ್ಲಿಂದ ಮುಂದೆ ಬಣವೆ ಬೆಳೆಯುತ್ತಲೇ ಹೋಯಿತು. ನಡುವೆ ಒಂದು ಕಂಬ, ಅದರ ಸುತ್ತ ನೆಟ್ಟಗೆ ನಿಲ್ಲಿಸಿದ ದಿಮ್ಮಿಗಳು, ಅವುಗಳ ಮೇಲೆ ಇನ್ನೊಂದು ಅಂತಸ್ತು, ಅದರ ಮೇಲೆ ಮತ್ತೊಂದು. 1969ರಲ್ಲಿ ಅದು 109 ಅಡಿಗೂ ಮೀರಿ ಏರಿತು. ತಿಂಗಳುಗಟ್ಟಲೆ ಹಗಲು ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಇದಕ್ಕಾಗಿ ದುಡಿಯುತ್ತಿದ್ದರು. ಒಮ್ಮೆ ಮಾತ್ರ, 1963ರಲ್ಲಿ, ಅಧ್ಯಕ್ಷ ಕೆನೆಡಿಯವರ ಹತ್ಯೆಯಾದಾಗ, ಕಟ್ಟಿ ಮುಗಿಸಿದ್ದ ಬಣವೆಯನ್ನು ಬೆಂಕಿ ಹಚ್ಚದೆಯೇ ಬಿಚ್ಚಿಹಾಕಿದರು.

ಮೊದಲೇ ಇದ್ದ ವಿಧಿಗಳು

ಈ ಹಬ್ಬದ ಜೊತೆಯಲ್ಲೇ ಸಾವಿಗೆ ಸಂಬಂಧಿಸಿದ ಎರಡು ಆಚರಣೆಗಳೂ ಅಲ್ಲಿ ಬೆಳೆದುಬಂದಿದ್ದವು. ಮೊದಲನೆಯದು ‘ಸಿಲ್ವರ್ ಟ್ಯಾಪ್ಸ್’. 1898ರಲ್ಲಿ ಕಾಲೇಜಿನ ಅಧ್ಯಕ್ಷರಾಗಿದ್ದ ಲಾರೆನ್ಸ್ ಸಲಿವನ್ ರಾಸ್ ತೀರಿಕೊಂಡಾಗ ಇದು ಮೊದಲು ನಡೆಯಿತೆನ್ನುತ್ತಾರೆ. ಹಿಂದಿನ ತಿಂಗಳು ಯಾವನಾದರೂ ವಿದ್ಯಾರ್ಥಿ ಸತ್ತಿದ್ದರೆ, ಮರುತಿಂಗಳ ಮೊದಲ ಮಂಗಳವಾರ ರಾತ್ರಿ ಎಲ್ಲರೂ ರಾಸ್ ಅವರ ಪ್ರತಿಮೆಯ ಎದುರು ಬಂದು ನಿಲ್ಲುತ್ತಾರೆ. ದೀಪಗಳು ಆರುತ್ತವೆ. ಮಾತಿಲ್ಲ, ಭಾಷಣವಿಲ್ಲ. ಬಂದೂಕಿನ ಗೌರವ ಸಲ್ಲುತ್ತದೆ. ಬಳಿಕ ಕಹಳೆಯಲ್ಲಿ ಶೋಕರಾಗವನ್ನು ಮೂರು ಬಾರಿ, ಉತ್ತರಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಮುಖಮಾಡಿ ನುಡಿಸುತ್ತಾರೆ. ಪೂರ್ವಕ್ಕೆ ನುಡಿಸುವುದಿಲ್ಲ. ಆ ವಿದ್ಯಾರ್ಥಿಗೆ ಇನ್ನು ಸೂರ್ಯೋದಯವಿಲ್ಲ ಎಂಬುದು ಅದರ ಅರ್ಥ. ಸೇರಿದವರು ಬಂದಷ್ಟೇ ಮೌನವಾಗಿ ಹಿಂತಿರುಗುತ್ತಾರೆ. ಸತ್ತವನನ್ನು ಅವರಲ್ಲಿ ಹೆಚ್ಚಿನವರು ಕಂಡೇ ಇರುವುದಿಲ್ಲ.

ಎರಡನೆಯದು ‘ಮಸ್ಟರ್’. ಸೈನಿಕರನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗುವುದಕ್ಕೆ ಇರುವ ಪದವದು. 1836ರಲ್ಲಿ ಟೆಕ್ಸಸ್ ಮೆಕ್ಸಿಕೋದಿಂದ ಬಿಡುಗಡೆ ಪಡೆದ ಸ್ಯಾನ್ ಹಸಿಂಟೋ ಕದನದ ದಿನವಾದ ಏಪ್ರಿಲ್ 21ರಂದು, ಆ್ಯಗಿಗಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸೇರುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಫಿಲಿಪ್ಪೀನ್ಸ್‌ನ ಕರೆಗಿಡಾರ್ ದ್ವೀಪವನ್ನು ಜಪಾನೀಯರು ಮುತ್ತಿದ್ದಾಗ ಅಲ್ಲಿದ್ದ ಸೇನಾಧಿಕಾರಿ ಜಾರ್ಜ್ ಮೂರ್ ಮತ್ತು ಅವರ ಕಾಲೇಜಿನವರೇ ಆದ ಇತರ ಸೈನಿಕರು ಈ ದಿನವನ್ನು ನೆನೆದ ಸುದ್ದಿಯಿಂದ ಈ ಆಚರಣೆ ಹೆಸರಾಯಿತು. ಆ ದಿನ ಕೂಗುವುದು ಇಲ್ಲದವರ ಹಾಜರಿ. ಆ ವರ್ಷ ತೀರಿಕೊಂಡವರ ಹೆಸರನ್ನು ಒಂದೊಂದಾಗಿ ಕರೆಯುತ್ತಾರೆ. ಹೆಸರು ಕರೆದಾಗ ತಾಯಿಯೋ ತಂಗಿಯೋ ಗೆಳೆಯನೋ ಎದ್ದುನಿಂತು ‘ಇಲ್ಲಿದ್ದೇನೆ’ ಎನ್ನಬೇಕು. ಒಂದು ಮೇಣದ ಬತ್ತಿ ಹೊತ್ತಿಕೊಳ್ಳುತ್ತದೆ. ತರಗತಿಯಲ್ಲಿ ಬಾರದ ಗೆಳೆಯನ ಪರವಾಗಿ ‘ಹಾಜರ್ ಸಾರ್’ ಎಂದು ಕೂಗುವುದು ನಮ್ಮ ಹುಡುಗರಿಗೂ ಗೊತ್ತಿರುವ ತುಂಟತನ. ಅದೇ ಮಾತು ಇಲ್ಲಿ ಶ್ರದ್ಧಾಂಜಲಿಯಾಗಿದೆ.

ಆ ಒಂಬತ್ತು ದಿನ

ಬಣವೆ ಕುಸಿದಾಗ ಮೊದಲು ಬೇಕಾದದ್ದು ಕೈಗಳು. ದೊಡ್ಡ ಯಂತ್ರಗಳನ್ನು ತಂದರೆ ದಿಮ್ಮಿಗಳು ಮತ್ತೆ ಜಾರಿ, ಅಡಿಯಲ್ಲಿ ಬದುಕುಳಿದವರನ್ನೂ ಜಜ್ಜುವ ಅಪಾಯವಿತ್ತು. ಆದ್ದರಿಂದ ಎಷ್ಟೋ ದಿಮ್ಮಿಗಳನ್ನು ಮನುಷ್ಯರೇ ಹೊತ್ತು ತೆಗೆಯಬೇಕಾಯಿತು. ರಾಜ್ಯದ ರಕ್ಷಣಾ ಪಡೆಯೊಡನೆ ಕೆಡೆಟ್‌ಗಳು ಕೈಜೋಡಿಸಿದರು. ಪಂದ್ಯಕ್ಕೆ ಅಭ್ಯಾಸ ಮಾಡಬೇಕಿದ್ದ ಫುಟ್‌ಬಾಲ್ ತಂಡದವರೂ ಬಂದು ಹೆಗಲು ಕೊಟ್ಟರು. ಯಾವ ದಿಮ್ಮಿಯನ್ನು ಮೊದಲು, ಯಾವುದನ್ನು ಅನಂತರ ಎತ್ತಬೇಕೆಂದು ಅದೇ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ವಿಭಾಗದವರು ಲೆಕ್ಕ ಹಾಕಿ ಹೇಳಿದರು. ಈ ಕೆಲಸ ಒಂದು ದಿನಕ್ಕೂ ಮೀರಿ ನಡೆಯಿತು.

ಅದೇ ಸಂಜೆ, ಇನ್ನೂ ದಿಮ್ಮಿಗಳನ್ನು ತೆಗೆಯುತ್ತಿರುವಾಗಲೇ, ಒಳಾಂಗಣ ಕ್ರೀಡಾಂಗಣವಾದ ರೀಡ್ ಅರೀನಾದಲ್ಲಿ ಸಾವಿರಾರು ಮಂದಿ ಶೋಕಸಭೆಗೆ ಸೇರಿದರು. ಬಾನ್‌ಫೈರ್ ಹೊತ್ತಿ ಉರಿಯಬೇಕಿದ್ದ ನವೆಂಬರ್ 25ರ ರಾತ್ರಿ ನಲವತ್ತು ಸಾವಿರದಷ್ಟು ಜನ ಕುಸಿದ ಜಾಗದ ಸುತ್ತ ಮೇಣದ ಬತ್ತಿ ಹಿಡಿದು ನಿಂತರು. ಹಿಂದಿನ ಅಧ್ಯಕ್ಷ ಜಾರ್ಜ್ ಬುಷ್, ಆಗ ರಾಜ್ಯದ ಗವರ್ನರ್ ಆಗಿದ್ದ ಅವರ ಮಗ, ಇಬ್ಬರೂ ಆ ಗುಂಪಿನಲ್ಲಿದ್ದರು.

ಎದುರಾಳಿಗಳು ನಡೆದುಕೊಂಡ ರೀತಿ ಇನ್ನೂ ಗಮನಾರ್ಹ. ಆಸ್ಟಿನ್‌ನ ವಿದ್ಯಾರ್ಥಿಗಳಿಗೆ ಪಂದ್ಯದ ವಾರದಲ್ಲಿ ಎ ಅಂಡ್ ಎಂನವರನ್ನು ಅಣಕಿಸಿ ಶಪಿಸುವ ತಮ್ಮದೇ ಒಂದು ಸಭೆಯಿತ್ತು. ಆ ವರ್ಷ ಅದನ್ನು ಬಿಟ್ಟು ಐಕ್ಯದ ಶೋಕಸಭೆ ನಡೆಸಿದರು. ಗೆದ್ದಾಗ ಬಣ್ಣದ ಬೆಳಕು ಚೆಲ್ಲುವ ಅವರ ಗೋಪುರ ಕತ್ತಲಾಯಿತು. 26ರಂದು ಪಂದ್ಯ ನಡೆದಾಗ, ಎಂಬತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಎದುರು ಆಸ್ಟಿನ್‌ನ ವಾದ್ಯತಂಡ ಶೋಕಗೀತೆ ನುಡಿಸಿ ಟೋಪಿ ತೆಗೆದು ನಿಂತಿತು. ಎ ಅಂಡ್ ಎಂನ ವಾದ್ಯತಂಡ ಮೌನವಾಗಿ ಮೈದಾನದಿಂದ ಹೊರನಡೆಯಿತು. ಎ ಅಂಡ್ ಎಂ 20-16ರಿಂದ ಗೆದ್ದಿತು. ನೂರು ವರ್ಷಗಳ ಹಗೆಯಾಟ ಅಂದು ಸಂತಾಪ ಹೇಳುವ ದಾರಿಯಾಯಿತು.

ಕತ್ತಲಾದ ಆ ಗೋಪುರಕ್ಕೂ ಒಂದು ಕಥೆಯಿದೆ. 1966ರ ಆಗಸ್ಟ್ 1ರಂದು ವಿದ್ಯಾರ್ಥಿಯೊಬ್ಬ ಅದರ ಮೇಲೇರಿ ಗುಂಡು ಹಾರಿಸಿ ಹಲವರನ್ನು ಕೊಂದಿದ್ದ. ಆಗ ವಿಶ್ವವಿದ್ಯಾಲಯ ಒಂದು ದಿನ ಮುಚ್ಚಿ ಮರುದಿನ ತೆರೆಯಿತು. ಸತ್ತವರ ಹೆಸರು ಕೆತ್ತಿದ ಕಲ್ಲು ಅಲ್ಲಿ ನಿಂತದ್ದು 2016ರಲ್ಲಿ, ಸರಿಯಾಗಿ ಐವತ್ತು ವರ್ಷಗಳ ಬಳಿಕ. ಒಂದೇ ರಾಜ್ಯದ ಈ ಎರಡು ಅಂಗಳಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಶೋಕಕ್ಕೆ ಸಿದ್ಧವಾದ ವಿಧಿ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದು ತಿಳಿಯುತ್ತದೆ.

ಬೇಲಿಯ ಬಳಿ ಬಿಟ್ಟುಹೋದದ್ದು

ಸಂಸ್ಥೆಯ ಏರ್ಪಾಟುಗಳಾಚೆಗೆ ಜನ ತಾವಾಗಿಯೇ ಮಾಡಿದ್ದೂ ಉಂಟು. ಕುಸಿದ ಜಾಗದ ಸುತ್ತ ಹಾಕಿದ ಬೇಲಿಯ ಬಳಿ ಹೂವು, ಪತ್ರ, ಬೂಟು, ಬಣವೆ ಕಟ್ಟುವಾಗ ತೊಡುವ ಹೆಲ್ಮೆಟ್ಟುಗಳು ಬಂದು ಸೇರಿದವು. ಕೆಲವರು ಪದವಿಯ ಗುರುತಾದ ತಮ್ಮ ಚಿನ್ನದ ಉಂಗುರವನ್ನೇ ಕಳಚಿ ಇಟ್ಟುಹೋದರು. ಆ ಉಂಗುರ ಪಡೆಯುವ ಹೊತ್ತಿಗೆ ಬದುಕಿರದ ಹುಡುಗರಿಗೆ ಅದು ಕಾಣಿಕೆ.

ರಸ್ತೆಬದಿಯಲ್ಲಿ, ಸಾವು ನಡೆದ ಸ್ಥಳದಲ್ಲಿ ಜನ ತಾವಾಗಿ ಕಟ್ಟುವ ಇಂಥ ಗುಡಿಗಳನ್ನು ಜಾನಪದ ವಿದ್ವಾಂಸ ಜ್ಯಾಕ್ ಸ್ಯಾಂಟಿನೋ ಉತ್ತರ ಐರ್ಲೆಂಡಿನ ಹಿಂಸಾಚಾರದ ಸಂದರ್ಭದಲ್ಲಿ ಅಧ್ಯಯನ ಮಾಡಿ ಅವಕ್ಕೊಂದು ಹೆಸರು ಕೊಟ್ಟಿದ್ದರು. ಎ ಅಂಡ್ ಎಂನಲ್ಲಿಯೇ ಜಾನಪದ ಕಲಿಸುತ್ತಿದ್ದ ಸಿಲ್ವಿಯಾ ಗ್ರೈಡರ್ ತಮ್ಮ ಕಣ್ಣೆದುರೇ ಅಂಥದೊಂದು ಬೆಳೆಯುತ್ತಿರುವುದನ್ನು ಗುರುತಿಸಿದರು. ಮಳೆ, ಬಿಸಿಲಿಗೆ ಹಾಳಾಗುವ ಮೊದಲು ಆ ವಸ್ತುಗಳನ್ನು ಸಂಗ್ರಹಿಸಿ ಕಾಪಾಡುವ ಕೆಲಸಕ್ಕೆ ಮುಂದಾದರು. ವಿದ್ಯಾರ್ಥಿಗಳಿಗೆ ಅದೂ ಒಂದು ಬಗೆಯ ಸೇವೆಯಾಯಿತು. ದುಃಖದಲ್ಲಿರುವವರಿಗೆ ಮಾಡಲು ಏನಾದರೊಂದು ಕೆಲಸ ಬೇಕು.

ಕೇಳಲೇಬೇಕಾದ ಪ್ರಶ್ನೆ

ಇಷ್ಟೆಲ್ಲ ಆದಮೇಲೂ ಒಂದು ಪ್ರಶ್ನೆ ಉಳಿದಿತ್ತು. ಬಣವೆ ಬಿದ್ದದ್ದು ಏಕೆ? ಹೂಸ್ಟನ್‌ನ ಲಿಯೋ ಲಿನ್‌ಬೆಕ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗ 2000ದ ಮೇ 2ರಂದು ವರದಿ ಕೊಟ್ಟಿತು. ಎರಡನೆಯ ಅಂತಸ್ತಿನ ದಿಮ್ಮಿಗಳು ಮೊದಲನೆಯದರ ಒಳಕ್ಕೆ ಬೆಣೆಯಂತೆ ನುಗ್ಗಿ, ಒಳಗಿನಿಂದ ಹೊರಕ್ಕೆ ಒತ್ತುತ್ತಿದ್ದವು. ಅದನ್ನು ತಡೆದು ಹಿಡಿಯಲು ಕಟ್ಟಿದ್ದ ತಂತಿಗಳಿಗೆ ಶಕ್ತಿ ಸಾಲಲಿಲ್ಲ. ಹಿಂದಿನ ವರ್ಷಗಳಲ್ಲಿ ಬಳಸುತ್ತಿದ್ದ ಉಕ್ಕಿನ ಹಗ್ಗವನ್ನು ಆ ಬಾರಿ ಸುತ್ತಿರಲಿಲ್ಲ.

ಆದರೆ ಆಯೋಗ ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟುವ ವಿದ್ಯೆ ಒಂದು ತಂಡದಿಂದ ಮುಂದಿನ ತಂಡಕ್ಕೆ ಬಾಯಿಮಾತಿನಲ್ಲಿ ಇಳಿದುಬರುತ್ತಿತ್ತು. ಎಂಜಿನಿಯರುಗಳ ಮೇಲ್ವಿಚಾರಣೆ ಇರಲಿಲ್ಲ. 1955 ಮತ್ತು 1982ರಲ್ಲಿ ಈ ಕೆಲಸದ ನಡುವೆ ಸಾವುಗಳಾಗಿದ್ದವು. 1994ರಲ್ಲಿ ಮಳೆಗೆ ನೆಲ ಮೆತ್ತಗಾಗಿ ಬಣವೆ ವಾಲಿದಾಗ, ಅದನ್ನು ಕೆಡವಿ ಒಂದೇ ವಾರದಲ್ಲಿ ಮತ್ತೆ ಕಟ್ಟಿದ್ದರು. ಅದು ಎಚ್ಚರಿಕೆಯ ಗಂಟೆಯಾಗುವ ಬದಲು ಛಲದ ಕಥೆಯಾಗಿ ನೆನಪಿನಲ್ಲಿ ಉಳಿಯಿತು. ಸಂಪ್ರದಾಯದ ಮೇಲಿನ ಅಭಿಮಾನವೇ ಅಪಾಯವನ್ನು ಕಾಣದಂತೆ ಮಾಡಿತ್ತೆಂಬುದು ಆ ವರದಿಯ ಒಟ್ಟು ತಾತ್ಪರ್ಯ.

ಶೋಕದ ನಡುವೆ ಇದನ್ನು ಕೇಳುವುದು ಸುಲಭವಲ್ಲ. ಒಟ್ಟಾಗಿ ಅತ್ತ ಸಮುದಾಯಕ್ಕೆ ತಪ್ಪನ್ನು ಹುಡುಕುವುದು ಒಗ್ಗಟ್ಟನ್ನು ಮುರಿದಂತೆ ಕಾಣುತ್ತದೆ. ಮಕ್ಕಳು ತಾವು ಪ್ರೀತಿಸಿದ ಕೆಲಸದಲ್ಲಿ ತೀರಿಕೊಂಡರೆಂಬ ಸಮಾಧಾನ ಕೆಲವು ಮನೆಗಳಿಗೆ ಸಾಕಾಯಿತು. ಕೆಲವರಿಗೆ ಸಾಕಾಗಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ವಿಶ್ವವಿದ್ಯಾಲಯದೊಡನೆ ರಾಜಿಯಾಗಲು 2008ರವರೆಗೆ ಕಾಯಬೇಕಾಯಿತು. ಸಂತಾಪ ಹೇಳುವುದು ಒಂದು, ಉತ್ತರ ಹೇಳುವುದು ಇನ್ನೊಂದು. ಸತ್ತವರ ಮನೆಯವರಿಗೆ ಎರಡೂ ಸಲ್ಲಬೇಕು. ಮೊದಲನೆಯದನ್ನು ಆ ಸಮುದಾಯ ಒಂಬತ್ತು ದಿನಗಳಲ್ಲಿ ತುಂಬು ಮನಸ್ಸಿನಿಂದ ಕೊಟ್ಟಿತು. ಎರಡನೆಯದಕ್ಕೆ ಒಂಬತ್ತು ವರ್ಷ ಹಿಡಿಯಿತು.

ಹನ್ನೆರಡು ಬಾಗಿಲುಗಳು

ಬಾನ್‌ಫೈರ್ ವಿಶ್ವವಿದ್ಯಾಲಯದ ಅಂಗಳಕ್ಕೆ ಮತ್ತೆ ಬರಲಿಲ್ಲ. 2002ರಿಂದ ವಿದ್ಯಾರ್ಥಿಗಳ ಒಂದು ಗುಂಪು ಹೊರಗಿನ ಜಾಗದಲ್ಲಿ ತನ್ನ ಪಾಡಿಗೆ ತಾನು ಅದನ್ನು ನಡೆಸುತ್ತ ಬಂದಿದೆ. ಪ್ರತಿ ದಿಮ್ಮಿಯೂ ನೆಲಕ್ಕೆ ತಾಗಿರಬೇಕೆಂಬುದು ಅಲ್ಲಿನ ಹೊಸ ನಿಯಮ. ನಿಂತುಹೋಗಿದ್ದ ಫುಟ್‌ಬಾಲ್ ಪಂದ್ಯ 2024ರಲ್ಲಿ ಮತ್ತೆ ಶುರುವಾಗುವಾಗ ಹಬ್ಬವೂ ಅಂಗಳಕ್ಕೆ ಮರಳಲಿ ಎಂಬ ಮಾತು ಎದ್ದಿತು. ಆಗಿನ ಅಧ್ಯಕ್ಷ ಮಾರ್ಕ್ ವೆಲ್ಷ್ ಅದಕ್ಕೆ ಒಪ್ಪಲಿಲ್ಲ.

ಬಣವೆ ಕುಸಿದ ನೆಲದಲ್ಲಿ ಈಗ ಸ್ಮಾರಕವಿದೆ. ದುರಂತದ ಐದನೆಯ ವರ್ಷ, 2004ರ ನವೆಂಬರ್ 18ರಂದು, ಅದನ್ನು ಅರ್ಪಿಸಿದರು. ಒಳಹೋಗುವ ಹಾದಿಯಲ್ಲಿ ಬಾನ್‌ಫೈರ್ ನಡೆದ ವರ್ಷಗಳಿಗೆ ಒಂದೊಂದರಂತೆ ಕಲ್ಲುಗಳು ಸಾಲಾಗಿ ನಿಂತಿವೆ. 1963ರ ಜಾಗ ಖಾಲಿ. ಮುಂದೆ ವಿಶಾಲವಾದ ಒಂದು ವೃತ್ತ, ಅದರಲ್ಲಿ ಹನ್ನೆರಡು ಬಾಗಿಲುಗಳು. ಒಂದೊಂದೂ ಆ ಹನ್ನೆರಡು ಮಂದಿಯಲ್ಲಿ ಒಬ್ಬೊಬ್ಬರ ಊರಿನ ದಿಕ್ಕಿಗೆ ತೆರೆದುಕೊಂಡಿದೆ. ಬಾಗಿಲಿನಿಂದ ಬಾಗಿಲಿಗೆ ಹೊಂದಿಸಿದ 27 ಕಲ್ಲುಗಳು ಗಾಯಗೊಂಡು ಬದುಕಿದವರ ನೆನಪಿಗೆ.

ಪ್ರತಿವರ್ಷ ನವೆಂಬರ್ 18ರಂದು ಅದೇ 2 ಗಂಟೆ 42 ನಿಮಿಷಕ್ಕೆ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಕತ್ತಲಲ್ಲಿ ನಿಲ್ಲುತ್ತಾರೆ. ಇಂದು ಅಲ್ಲಿ ಓದುತ್ತಿರುವ ಹೆಚ್ಚಿನ ವಿದ್ಯಾರ್ಥಿಗಳು ಬಣವೆ ಕುಸಿದಾಗ ಹುಟ್ಟಿಯೇ ಇರಲಿಲ್ಲ.