ಒಳಹೋದ ಕರೆಂಟಿನ ಲೆಕ್ಕ ಮೊದಲು ಕೊಡಿ

ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಸುತ್ತಲಿನ ನೀರಾವರಿ ರೈತರಿಗೆ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೇ ದಿನದ ಮೊದಲ ಪ್ರಶ್ನೆ. ಇಂಥ ಕಡೆ ‘ಒಂದು ಪಾಲು ಕರೆಂಟು ಹಾಕಿ, ಎರಡು ಪಾಲು ತೆಗೆಯಿರಿ’ ಎನ್ನುವ ಯಂತ್ರ ಬಂದರೆ ಯಾರ ಕಿವಿ ತಾನೇ ನೆಟ್ಟಗಾಗದು? ನೋಡಲು ಸೇರಿದವರ ಕಣ್ಣೆಲ್ಲ ಆ ಕಡೆ ಉರಿಯುವ ಬಲ್ಬಿನ ಮೇಲೆ. ತಕರಾರು ಇರುವುದು ಮಾತ್ರ ಈ ಕಡೆಯ ವೈರಿನಲ್ಲಿ.

ಇಂಥ ಮಾತು ಆಡಿದವರೆಲ್ಲ ಸಂತೆಯ ವ್ಯಾಪಾರಿಗಳಲ್ಲ. ಕೈಗಾ ಅಣು ವಿದ್ಯುತ್ ಯೋಜನೆಯ ನಿರ್ದೇಶಕರಾಗಿದ್ದ ಪರಮಹಂಸ ತಿವಾರಿ ನಿವೃತ್ತಿಯ ನಂತರ ಹೊಸ ಬಗೆಯ ಜನರೇಟರ್ ಕಟ್ಟಿ, ಅದರ ದಕ್ಷತೆ ಶೇ 250ರ ಆಸುಪಾಸು ಎಂದರು. ಸಾಮಾನ್ಯ ಜನರೇಟರ್‌ನಿಂದ ಕರೆಂಟು ಎಳೆದಷ್ಟೂ ಅದು ತಿರುಗುವ ಶಾಫ್ಟನ್ನು ತಡೆಯುತ್ತದೆ. 1834ರಲ್ಲಿ ಲೆಂಝ್ ಹೇಳಿದ ನಿಯಮವಿದು. ಆ ತಡೆಯೇ ತಮ್ಮ ಯಂತ್ರದಲ್ಲಿಲ್ಲ ಎಂಬುದು ತಿವಾರಿಯವರ ವಾದ. ವಿಜ್ಞಾನಲೋಕ ಅದನ್ನು ಒಪ್ಪಲಿಲ್ಲ.

ಅಳತೆ ಎಡವುವ ಜಾಗಗಳು

ಮೊದಲನೆಯದು ಪವರ್ ಫ್ಯಾಕ್ಟರ್, ಅಂದರೆ ವೋಲ್ಟು-ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾಗಿ ಖರ್ಚಾಗುವ ಪಾಲು. 230 ವೋಲ್ಟಿನಲ್ಲಿ ಮೋಟಾರು 5 ಆಂಪಿಯರ್ ಎಳೆಯುತ್ತಿದೆ, ಪವರ್ ಫ್ಯಾಕ್ಟರ್ 0.6 ಎನ್ನಿ. ನಿಜವಾದ ಖರ್ಚು 690 ವ್ಯಾಟ್. ಒಂದು ಕೆಪಾಸಿಟರ್ ಜೋಡಿಸಿದರೆ ಕ್ಲಾಂಪ್ ಮೀಟರ್ 3 ಆಂಪಿಯರಿಗೆ ಇಳಿಯಬಹುದು. ಖರ್ಚು ಆಗಲೂ 690 ವ್ಯಾಟೇ. ‘ಬಿಲ್ ಇಳಿಸುವ ಪೆಟ್ಟಿಗೆ’ ಮಾರುವವರು ತೋರಿಸುವುದು ಈ ಆಂಪಿಯರನ್ನು. ಮನೆಯ ಮೀಟರ್ ಎಣಿಸುವುದು ಯೂನಿಟ್ಟನ್ನು.

ಎರಡನೆಯದು ತಿರುವುಮುರುವಾದ ಕ್ಲಾಂಪ್. ಮೂರು ಫೇಸಿನಲ್ಲಿ ತಲಾ 1000 ವ್ಯಾಟ್ ಹರಿಯುತ್ತಿದೆ. ಒಂದು ಕ್ಲಾಂಪನ್ನು ಉಲ್ಟಾ ಹಾಕಿದರೆ ಆ ಸಾವಿರ ಕೂಡುವ ಬದಲು ಕಳೆದುಹೋಗಿ, ಒಟ್ಟು 3000ದ ಜಾಗದಲ್ಲಿ 1000 ಮೂಡುತ್ತದೆ. ಕರೆಂಟು ಕೊಟ್ಟರೆ ಶಾಖ ಕೊಡುವ, ಇಟಲಿಯ ಆಂಡ್ರಿಯಾ ರೊಸ್ಸಿಯ ‘ಇ-ಕ್ಯಾಟ್’ ಯಂತ್ರವನ್ನು 2014ರಲ್ಲಿ ಲುಗಾನೊದಲ್ಲಿ 32 ದಿನ ಪರೀಕ್ಷಿಸಿದಾಗ, ಕೊಟ್ಟದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಶಕ್ತಿ ಬಂತೆಂದು ವರದಿಯಾಯಿತು. ಶಾಖ ಲೆಕ್ಕಹಾಕಿದ ಕ್ರಮದ ಜೊತೆಗೆ ಕ್ಲಾಂಪ್ ಜೋಡಣೆಯ ಬಗ್ಗೆಯೂ ಆಗ ಪ್ರಶ್ನೆ ಎದ್ದಿತ್ತು.

ಮೂರನೆಯದು ಲೆಕ್ಕದ ಕೈಚಳಕ. ಖಾಲಿ ತಿರುಗುವಾಗ 2000 ವ್ಯಾಟ್ ತಿನ್ನುವ ಮೋಟಾರು, ಲೋಡ್ ಬಿದ್ದಾಗ 3000 ತಿಂದು 1500 ಕೊಡುತ್ತದೆ ಎನ್ನೋಣ. ಹೆಚ್ಚಾದ ಸಾವಿರವನ್ನಷ್ಟೇ ಖರ್ಚೆಂದರೆ ದಕ್ಷತೆ ಶೇ 150. ಪೂರ್ತಿ ಲೆಕ್ಕ ಹಿಡಿದರೆ ಶೇ 50.

ಹಾಗಾದರೆ ಪರೀಕ್ಷೆ ಹೇಗಿರಬೇಕು?

ಯಂತ್ರಕ್ಕೆ ಹೋಗುವ ಪ್ರತಿಯೊಂದು ವೈರೂ, ನ್ಯೂಟ್ರಲ್ ಮತ್ತು ಅರ್ಥಿಂಗ್ ಸಮೇತ, ಕಣ್ಣಿಗೆ ಕಾಣಬೇಕು. ಸೀಲ್ ಮಾಡಿದ ಯೂನಿಟ್ ಮೀಟರ್ ಯಂತ್ರದ ಪೆಟ್ಟಿಗೆಗಿಂತ ಹಿಂದೆ, ಸಪ್ಲೈ ಬರುವ ಕಡೆಯೇ ಕೂರಬೇಕು. ಯಂತ್ರದ ಜಾಗದಲ್ಲಿ ಖರ್ಚು ಗೊತ್ತಿರುವ ಹೀಟರ್ ಹಾಕಿ, ಮೀಟರ್ ಸರಿ ತೋರಿಸುತ್ತದೆಯೇ ಎಂದು ಮೊದಲೇ ನೋಡಬೇಕು. ಕರೆಂಟಿನ ಅಲೆ ಕತ್ತರಿಸಿದಂತಿದ್ದರೆ ಅಗ್ಗದ ಮೀಟರ್ ಸಾಲದು. ವೋಲ್ಟೇಜು-ಕರೆಂಟನ್ನು ಕ್ಷಣಕ್ಷಣಕ್ಕೂ ಗುಣಿಸುವ ಪವರ್ ಅನಲೈಸರ್ ಬೇಕು. ಇಂಥ ಅಳತೆಗೆ ದೂರ ಹೋಗಬೇಕಿಲ್ಲ, 1960ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ.

ಇಷ್ಟೆಲ್ಲ ಬೇಡವೆಂದರೆ ಇನ್ನೊಂದು ದಾರಿಯಿದೆ. ಎರಡೂವರೆ ಪಾಲು ಕೊಡುವ ಯಂತ್ರ ಅದರಲ್ಲಿ ಒಂದು ಪಾಲನ್ನು ತನಗೇ ತಿನ್ನಿಸಿಕೊಂಡು, ಉಳಿದದ್ದರಲ್ಲಿ ಪಂಪು ಓಡಿಸಬಲ್ಲದು. ಪ್ಲಗ್ ಕಿತ್ತ ಮೇಲೂ, ಬ್ಯಾಟರಿಯ ಆಸರೆಯಿಲ್ಲದೆ, ಹೊಲದಲ್ಲಿ ಒಂದು ವಾರ ನೀರೆತ್ತಲಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.