ಹರಿಹರಕ್ಕೆ ಹೊರಟ ವಿಮಾನ ದಾವಣಗೆರೆಗೆ ಬಂದಾಗ!

ಇಂಟರ್‌ನೆಟ್ ಇಲ್ಲದಿದ್ದರೂ ಮನೆಯ ಕಂಪ್ಯೂಟರಿನಲ್ಲಿ ವಿಮಾನಯಾನದ ಯೋಜನೆ ಹಾಕಬಹುದು. ಆಟದ ನೆಪದಲ್ಲಿ ಗಣಿತ, ಭೂಗೋಳ ಎರಡೂ ಕೈಗೆ ಹತ್ತುತ್ತವೆ.

ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. ಹರಿಹರಕ್ಕೂ ಇಲ್ಲ. ಬೆಂಗಳೂರು ಮತ್ತು ಹುಬ್ಬಳ್ಳಿ ನಿಲ್ದಾಣಗಳ ನಡುವೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅದು ದಾವಣಗೆರೆಯ ಈಶಾನ್ಯಕ್ಕೆ ಸುಮಾರು 18 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ, ಅಷ್ಟೆ. ಆದರೂ ಈ ಎರಡು ಊರುಗಳ ಮಕ್ಕಳು ವಿಮಾನದ ಕನಸು ಕಾಣುವುದನ್ನು ಯಾರೂ ತಡೆಯಲಾರರು. ಕನಸು ಕಾಣುವ ಮಗ ಅಥವಾ ಮಗಳು ಕಂಪ್ಯೂಟರ್ ಮುಂದೆ ಕುಳಿತು ವಿಮಾನ ಹಾರಿಸತೊಡಗಿದರೆ ಅಪ್ಪನ ಮೊದಲ ಮಾತು: ‘ಪರೀಕ್ಷೆ ಹತ್ತಿರ ಬಂತು, ಇನ್ನೂ ಆಟವೇ?’

ಆ ಅಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ. ಗೊತ್ತುಗುರಿಯಿಲ್ಲದೆ ಆಕಾಶದಲ್ಲಿ ಸುತ್ತುವುದು ಆಟವೇ ಸರಿ. ಆದರೆ ಹಾರುವ ಮುನ್ನ ಕಾಗದದ ಮೇಲೆ ದಾರಿ, ದಿಕ್ಕು, ಸಮಯ, ಇಂಧನ ಇವುಗಳನ್ನು ಲೆಕ್ಕ ಹಾಕಿ ಹೊರಟರೆ ಅದು ಪಾಠ. ಪಾಠ ಯಾವುದು, ಆಟ ಯಾವುದು ಎಂಬುದನ್ನು ನಿರ್ಧರಿಸುವುದು ವಿಮಾನವಲ್ಲ, ನಕ್ಷೆ.

ಬೇಕಾಗುವ ಸಾಮಗ್ರಿ

ಮನೆಯಲ್ಲಿ ವಿಮಾನ ಹಾರಿಸಲು ಸಿಮ್ಯುಲೇಟರ್ ಎಂಬ ತಂತ್ರಾಂಶ ಬೇಕು. ಮೈಕ್ರೋಸಾಫ್ಟ್‌ನ ಹೊಸ ಸಿಮ್ಯುಲೇಟರುಗಳು ನೆಲದ ದೃಶ್ಯಗಳನ್ನು ಹಾರಾಟದ ಹೊತ್ತಿನಲ್ಲೇ ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತವೆ. ಮೊಬೈಲ್ ಡಾಟಾ ನಂಬಿದವರಿಗೆ ಅದು ದುಬಾರಿ. ಎಕ್ಸ್‌-ಪ್ಲೇನ್ ಎಂಬುದು ಹಣ ಕೊಟ್ಟು ಕೊಳ್ಳುವಂಥದು. ಅದರ ದೃಶ್ಯಗಳು ಕಂಪ್ಯೂಟರಿನ ಡಿಸ್ಕ್‌ನಲ್ಲೇ ಕುಳಿತಿರುತ್ತವೆ. 1997ರಿಂದ ಸಿಗುತ್ತಿರುವ ಫ್ಲೈಟ್‌ಗಿಯರ್ ಪೂರ್ತಿ ಉಚಿತ. ನಮ್ಮ ಭಾಗದ ದೃಶ್ಯಗಳನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್‌ನೆಟ್ಟಿನ ಹಂಗಿಲ್ಲ.

ಇದು ವಿಮಾನದ ಮಾತಾಯಿತು. ನಕ್ಷೆಗೆ ಬೇರೆ ತಂತ್ರಾಂಶಗಳಿವೆ. ಅವುಗಳಲ್ಲಿ ಹೆಸರಾದದ್ದು ಅಲೆಕ್ಸಾಂಡರ್ ಬಾರ್ಥೆಲ್ ಅವರು ರೂಪಿಸಿದ ಲಿಟ್ಲ್ ನ್ಯಾವ್‌ಮ್ಯಾಪ್. ಇದೂ ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಸಿಮ್ಯುಲೇಟರಿನಲ್ಲಿರುವ ನಿಲ್ದಾಣ, ರನ್‌ವೇ, ರೇಡಿಯೊ ಕೇಂದ್ರಗಳ ವಿವರವನ್ನು ಒಮ್ಮೆ ಓದಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ರಸ್ತೆ, ಹಳ್ಳಿಗಳ ಸಹಿತ ಕಾಣುವ ನಕ್ಷೆಗೆ ಇಂಟರ್‌ನೆಟ್ ಬೇಕು ನಿಜ; ಆದರೆ ಒಮ್ಮೆ ನೋಡಿದ ಭಾಗ ಡಿಸ್ಕ್‌ನಲ್ಲಿ ಉಳಿಯುತ್ತದೆ. ಜೊತೆಗೆ, ಇಂಟರ್‌ನೆಟ್ ಬೇಡದ ಸರಳ ನಕ್ಷೆಗಳೂ ಅದರೊಳಗೇ ಇವೆ. ಬೆಟ್ಟಗುಡ್ಡಗಳ ಎತ್ತರದ ಮಾಹಿತಿಯನ್ನು ಬೇರೆಯಾಗಿ ಇಳಿಸಿಕೊಳ್ಳಬಹುದು. ಎಕ್ಸ್‌-ಪ್ಲೇನ್ ಜೊತೆ ಜೋಡಿಸಿದರೆ ಹಾರುತ್ತಿರುವ ವಿಮಾನ ನಕ್ಷೆಯ ಮೇಲೂ ಚಲಿಸುತ್ತದೆ. ಫ್ಲೈಟ್‌ಗಿಯರ್‌ಗಾದರೆ ಯೋಜನೆಯ ಕಡತವನ್ನು ಉಳಿಸಿ ಕೊಡಬೇಕು.

ಹೀಗೆ ಮಾಡಿ: ಒಳ್ಳೆಯ ಇಂಟರ್‌ನೆಟ್ ಇರುವ ಕಡೆ ಒಂದು ದಿನ ಕುಳಿತು ಎಲ್ಲವನ್ನೂ ಮೂಲ ತಾಣಗಳಿಂದಲೇ ಇಳಿಸಿಕೊಳ್ಳಿ, ಪೆನ್‌ಡ್ರೈವ್‌ನಲ್ಲಿ ಮನೆಗೆ ತನ್ನಿ. ಮನೆಯ ಇಂಟರ್‌ನೆಟ್ ತಂತಿ ಕಿತ್ತು ಒಮ್ಮೆ ತೆರೆದು ನೋಡಿ. ನಕ್ಷೆ ಮೂಡಿತೇ? ಹಾಗಿದ್ದರೆ ಸಿದ್ಧರಾದಿರಿ.

ಒಂದು ಪುಟ್ಟ ಯಾನ

ಈಗ ಶಿವಮೊಗ್ಗದಿಂದ ಹರಿಹರದ ಮೇಲೆ ಹುಬ್ಬಳ್ಳಿಗೆ ಹೋಗೋಣ. ವಿಮಾನ, ಒಂದೇ ಎಂಜಿನ್‌ನ ಸೆಸ್ನಾ 172. ವೇಗ 110 ನಾಟ್, ಅಂದರೆ ಗಂಟೆಗೆ 110 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

ಹರಿಹರದಲ್ಲಿ ನಿಲ್ದಾಣವಿಲ್ಲವಲ್ಲ ಎಂದು ಗಾಬರಿ ಬೇಡ. ನಕ್ಷೆಯ ಮೇಲೆ ಆ ಜಾಗವನ್ನು ಒತ್ತಿ ಅದನ್ನೇ ಯೋಜನೆಯ ಒಂದು ಬಿಂದುವಾಗಿ ಸೇರಿಸಬಹುದು. ತಂತ್ರಾಂಶ ತಕ್ಷಣ ದೂರ, ದಿಕ್ಕು ಹೇಳಿಬಿಡುತ್ತದೆ. ಆದರೆ ಮೊದಲು ನೀವೇ ಲೆಕ್ಕ ಮಾಡಿ.

ಅಕ್ಷಾಂಶದ ಒಂದು ಡಿಗ್ರಿ ಎಂದರೆ 60 ನಾಟಿಕಲ್ ಮೈಲು. ಶಿವಮೊಗ್ಗ ನಿಲ್ದಾಣದ ಅಕ್ಷಾಂಶ ಸುಮಾರು 13.86, ಹರಿಹರದ್ದು 14.51. ವ್ಯತ್ಯಾಸ 0.65, ಉತ್ತರಕ್ಕೆ 39 ಮೈಲು. ರೇಖಾಂಶ 75.61 ಮತ್ತು 75.80, ವ್ಯತ್ಯಾಸ 0.19. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುವುದರಿಂದ ಇಲ್ಲಿ 60ರ ಜೊತೆಗೆ 0.97ರಿಂದಲೂ (14 ಡಿಗ್ರಿಯ ಕೊಸೈನ್) ಗುಣಿಸಬೇಕು. ಪೂರ್ವಕ್ಕೆ 11 ಮೈಲು. ಉಳಿದದ್ದು ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ. ಉತ್ತರ 41 ಮೈಲಿನ ಆಸುಪಾಸು, ಸುಮಾರು 76 ಕಿ.ಮೀ. ದಿಕ್ಕು, ಉತ್ತರದಿಂದ ಬಲಕ್ಕೆ 16 ಡಿಗ್ರಿ. ಹಾರಾಟದ ಸಮಯ 22 ನಿಮಿಷ. ಹರಿಹರದಿಂದ ಹುಬ್ಬಳ್ಳಿಗೆ ಇದೇ ರೀತಿ 66 ಮೈಲು, ದಿಕ್ಕು 321 ಡಿಗ್ರಿ, 36 ನಿಮಿಷ.

ಎತ್ತರಕ್ಕೂ ನಿಯಮವಿದೆ. ಕಣ್ಣಳತೆಯಲ್ಲಿ ಹಾರುವವರು ಪೂರ್ವಾರ್ಧದ ದಿಕ್ಕಿನಲ್ಲಿ ಸಾಗುವಾಗ ಬೆಸ ಸಾವಿರ ಅಡಿಗೆ 500 ಸೇರಿಸಬೇಕು, ಪಶ್ಚಿಮಾರ್ಧದಲ್ಲಿ ಸಮ ಸಾವಿರಕ್ಕೆ. ಆದ್ದರಿಂದ ಹರಿಹರದ ತನಕ 5,500 ಅಡಿ, ಆಮೇಲೆ 6,500. ಎದುರುಬದುರು ಬರುವ ವಿಮಾನಗಳು ಒಂದೇ ಮಟ್ಟದಲ್ಲಿ ಸಂಧಿಸದಿರಲಿ ಎಂದು ಈ ಏರ್ಪಾಟು.

ಹಾರುವಾಗ ಕಿಟಕಿಯಿಂದ ನೋಡಿ. ಹೊರಟ ಸ್ವಲ್ಪ ಹೊತ್ತಿಗೇ ಬಲಬದಿಗೆ ತುಂಗೆ, ಭದ್ರೆ ಕೂಡುವ ಕೂಡಲಿ. ಆಮೇಲೆ ಎಡಕ್ಕೆ ಹೊನ್ನಾಳಿ. ಬಲಕ್ಕೆ ಇಪ್ಪತ್ತು ಕಿಲೋಮೀಟರಿನಾಚೆ ಸೂಳೆಕೆರೆಯ ನೀರು. ಹರಿಹರದಿಂದ ಮುಂದೆ ಹೆದ್ದಾರಿ ಎಡಗಡೆ ಉಳಿಯುತ್ತದೆ. ರಾಣೆಬೆನ್ನೂರು, ಹಾವೇರಿ ಆ ಕಡೆಗೇ. ಸಿಮ್ಯುಲೇಟರಿನ ನೆಲ ಎಲ್ಲ ಕಡೆ ಅಚ್ಚುಕಟ್ಟಾಗಿರುವುದಿಲ್ಲ. ಹೊಳೆ ಇರಬೇಕಾದಲ್ಲಿ ಇದೆಯೇ ಎಂದು ನಕ್ಷೆ ಹಿಡಿದು ತಾಳೆ ನೋಡುವುದೇ ಅಭ್ಯಾಸ.

ಗಾಳಿಯ ಕಿತಾಪತಿ

ಇಲ್ಲಿಯವರೆಗೆ ಗಾಳಿಯೇ ಇಲ್ಲವೆಂದು ಲೆಕ್ಕ ಹಾಕಿದೆವು. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಅದು 20 ನಾಟ್ ಇದೆ ಎಂದುಕೊಳ್ಳಿ. ಇಂಟರ್‌ನೆಟ್ ಇಲ್ಲದಾಗ ಹವಾಮಾನ ತಾನಾಗಿ ಬರುವುದಿಲ್ಲ. ಗಾಳಿಯನ್ನು ತಂತ್ರಾಂಶಕ್ಕೆ ನೀವೇ ಹೇಳಬೇಕು. ಹೇಳಲು ಮರೆತಿರಿ ಎನ್ನಿ. ವಿಮಾನದ ಮೂತಿಯನ್ನು 16 ಡಿಗ್ರಿಗೆ ಇಟ್ಟು 22 ನಿಮಿಷ ಹಾರಿದಿರಿ. ಅಷ್ಟರಲ್ಲಿ ಗಾಳಿ ನಿಮ್ಮನ್ನು ಪೂರ್ವಕ್ಕೆ 7 ಮೈಲಿಗೂ ಹೆಚ್ಚು, ಅಂದರೆ ಸುಮಾರು 13 ಕಿ.ಮೀ. ತಳ್ಳಿರುತ್ತದೆ. ಕೆಳಗೆ ನೋಡಿದರೆ ಹೊಳೆಯೂ ಇಲ್ಲ, ಹರಿಹರೇಶ್ವರನ ಗುಡಿಯೂ ಇಲ್ಲ. ದಾವಣಗೆರೆಯ ಉತ್ತರದ ಹೊಲಗಳು!

ಪರಿಹಾರ ತ್ರಿಕೋನಮಿತಿಯಲ್ಲಿದೆ. ಅಡ್ಡ ಬೀಸುವ ಗಾಳಿ ಸುಮಾರು 19 ನಾಟ್. 19ನ್ನು 110ರಿಂದ ಭಾಗಿಸಿ, ಆ ಸೈನ್ ಬೆಲೆಯ ಕೋನ ಹುಡುಕಿ: 10 ಡಿಗ್ರಿ. ಮೂತಿಯನ್ನು 16ರ ಬದಲು 6 ಡಿಗ್ರಿಗೆ ತಿರುಗಿಸಿದರೆ ವಿಮಾನ ಓರೆಯಾಗಿ ನಿಂತಂತೆ ಕಂಡರೂ ನೇರ ಹರಿಹರಕ್ಕೇ ಹೋಗುತ್ತದೆ. ತುಂಬಿದ ಹೊಳೆಯಲ್ಲಿ ಅಂಬಿಗ ದೋಣಿಯನ್ನು ಪ್ರವಾಹದ ಎದುರಿಗೆ ಓರೆ ಹಿಡಿಯುತ್ತಾನಲ್ಲ, ಅದೇ ಜಾಣ್ಮೆ.

ಇಷ್ಟಕ್ಕೇ ಮುಗಿಯಲಿಲ್ಲ. ಎರಡನೇ ಹಂತದಲ್ಲಿ ಅದೇ ಗಾಳಿ ಎದುರಿನಿಂದಲೂ ಕಾಡಿ 36 ನಿಮಿಷದ ದಾರಿಯನ್ನು 41 ನಿಮಿಷ ಮಾಡುತ್ತದೆ. ಗಂಟೆಗೆ 32 ಲೀಟರಿನಂತೆ ಇಡೀ ಯಾನಕ್ಕೆ 34 ಲೀಟರ್. ಕಷ್ಟಕಾಲಕ್ಕೆಂದು ಇನ್ನು 45 ನಿಮಿಷಕ್ಕೆ 24 ಲೀಟರ್. ಒಟ್ಟು 58. ನೆಲದ ಮೇಲಿನ ಓಡಾಟಕ್ಕೆ, ಮೇಲೇರುವುದಕ್ಕೆ ಬೇಕಾದದ್ದು ಬೇರೆ. ಕಾಗದದ ಲೆಕ್ಕವೂ ತಂತ್ರಾಂಶದ ಲೆಕ್ಕವೂ ಹೊಂದದಿದ್ದರೆ ತಪ್ಪು ಎಲ್ಲಿ ಎಂದು ಹುಡುಕಿ. ಕಲಿಕೆ ಇರುವುದು ಆ ಹುಡುಕಾಟದಲ್ಲೇ.

ನಕ್ಷೆಗೂ ವಯಸ್ಸಾಗುತ್ತದೆ

ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಅದಕ್ಕಿಂತ ಹಳೆಯ ಮಾಹಿತಿ ತುಂಬಿದ ತಂತ್ರಾಂಶದಲ್ಲಿ ಸೋಗಾನೆಯ ಜಾಗದಲ್ಲಿ ರನ್‌ವೇಯೇ ಕಾಣದು. ಆಗ ಹುಬ್ಬಳ್ಳಿಯಿಂದಲೇ ಹೊರಟು ಹರಿಹರದ ಮೇಲೆ ಒಂದು ಸುತ್ತು ಹಾಕಿ ಹಿಂತಿರುಗಿ. ನಿಜವಾದ ವಿಮಾನಯಾನದಲ್ಲಿ ಮಾಹಿತಿಯನ್ನು ಪ್ರತಿ 28 ದಿನಕ್ಕೊಮ್ಮೆ ಹೊಸದು ಮಾಡುತ್ತಾರೆ. ಆದ್ದರಿಂದ ಮನೆಯ ಈ ನಕ್ಷೆ ಸಿಮ್ಯುಲೇಟರಿಗೆ ಮಾತ್ರ. ನಿಜವಾದ ಹಾರಾಟಕ್ಕೆ ಎಂದೂ ಅಲ್ಲ.

ಪೋಷಕರಿಗೆ ಎರಡು ಮಾತು

ಮನೆಯಲ್ಲಿ ಎಷ್ಟು ಗಂಟೆ ಹಾರಿಸಿದರೂ ಅದು ಪೈಲಟ್ ಪರವಾನಗಿಯ ಲೆಕ್ಕಕ್ಕೆ ಬಾರದು. ವಾಣಿಜ್ಯ ಪರವಾನಗಿಗೆ 200 ಗಂಟೆಗಳ ನಿಜವಾದ ಹಾರಾಟ, ವೈದ್ಯಕೀಯ ಪರೀಕ್ಷೆ, ಡಿಜಿಸಿಎ ನಡೆಸುವ ಲಿಖಿತ ಪರೀಕ್ಷೆಗಳು ಎಲ್ಲವೂ ಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕೆಂಬುದು ದಶಕಗಳಿಂದ ನಡೆದುಬಂದ ನಿಯಮ. ತರಬೇತಿಗೆ ಲಕ್ಷಗಟ್ಟಲೆ ಹಣ ಬೇಕು. ಸಾಲಕ್ಕೆ ಸಹಿ ಹಾಕುವ ಮುನ್ನ ಮಗುವಿನ ಕಣ್ಣು, ಬಣ್ಣ ಗುರುತಿಸುವ ಶಕ್ತಿ ಪರೀಕ್ಷಿಸಿಕೊಳ್ಳಿ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ತರಬೇತಿ ಶಾಲೆ ಇದೆ, ಅಲ್ಲಿ ವಿಚಾರಿಸಬಹುದು.

ಪೈಲಟ್ ಆಗುವುದೊಂದೇ ದಾರಿಯಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು, ಎಂಜಿನಿಯರಿಂಗ್ ಮುಗಿಸಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ವಾಯು ಸಂಚಾರ ನಿಯಂತ್ರಕರಾಗಬಹುದು. ದಿಕ್ಕು, ದೂರ, ಎತ್ತರಗಳ ಈ ಲೆಕ್ಕವೇ ಅಲ್ಲಿನ ದಿನನಿತ್ಯದ ಕೆಲಸ.

ಹಾಗಾಗಿ ಕಂಪ್ಯೂಟರನ್ನು ಬಂದ್ ಮಾಡಿಸುವುದರ ಬದಲು ಒಂದು ಕರಾರು ಮಾಡಿಕೊಳ್ಳಿ: ವಾರಕ್ಕೊಂದು ಯಾನ, ಅದೂ ಭಾನುವಾರ, ಕಾಗದದ ಲೆಕ್ಕ ತೋರಿಸಿದ ಮೇಲಷ್ಟೇ ಹಾರಾಟ. ಲೆಕ್ಕ ತಪ್ಪಿ ಹರಿಹರಕ್ಕೆ ಹೊರಟವ ದಾವಣಗೆರೆಗೆ ಬಂದರೆ ಬೈಯಬೇಡಿ. ‘ಗಾಳಿ ಎಷ್ಟಿತ್ತಪ್ಪಾ?’ ಎಂದು ಕೇಳಿ ನೋಡಿ.